ಅತ್ತೆಯವರ ಝೆನ್ ಮತ್ತು ನನ್ನ ಬಲಗೈ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗೆ ಕಾರುಗಳ ಬಗ್ಗೆ ಅಭಿಪ್ರಾಯಗಳಿವೆ. ಮೊದಲಿನ ಎರಡು ಮನೆತನದಿಂದ ಬರುತ್ತವಂತೆ. ನಮ್ಮ ತಂದೆಗೆ ಸೈಕಲ್ಲಿನ ಆಚೆಗಿನ ಲೋಕ ಗೊತ್ತಿರಲಿಲ್ಲವಾದ್ದರಿಂದ ಮೂರನೆಯದು ನನ್ನ ಸ್ವಯಾರ್ಜಿತ. ಧಾರವಾಡದ ಒಂದು ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಆ ಶಾಸ್ತ್ರದ ಬಗ್ಗೆ ಇಪ್ಪತ್ತು ವರ್ಷಗಳಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಿಲ್ಲ, ನಾನೂ ಹೇಳಿಲ್ಲ. ಆದರೆ ರಸ್ತೆಯಲ್ಲಿ ಒಂದು ಹಳೆಯ ಕಾರು ಹಾದುಹೋದರೆ ಸಾಕು, ಪಕ್ಕದಲ್ಲಿ ನಿಂತವರು ಪರಿಚಯದವರೋ ಅಲ್ಲವೋ ನೋಡುವುದಿಲ್ಲ, ಶುರು ಮಾಡಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ನಾನು ಮಂಗಲ ಕಾರ್ಯಾಲಯದ ಹೊರಗೆ, ಯಾರದೋ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದೆ. ಕೈಯಲ್ಲಿದ್ದ ಅಕ್ಷತೆ ಬ್ಯಾಟರಿಯ ಮೇಲೆ ಬಿತ್ತು. ಈ ಸಂಗತಿಯನ್ನು ನನ್ನ ಹೆಂಡತಿ ವಿದ್ಯಾ ವರ್ಷಕ್ಕೆರಡು ಸಲವಾದರೂ ಹೇಳುತ್ತಾಳೆ.

ನನ್ನ ಅಭಿಪ್ರಾಯಗಳ ಸಾರ ಇಷ್ಟು. ಹೊಸ ಕಾರುಗಳು ಚಂದ, ಸುರಕ್ಷಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಓಡಿಸುವವನನ್ನು ಬೀಗರ ಹಾಗೆ ಮೆತ್ತಗೆ ಕೂಡಿಸಿ, ಕೆಲಸವನ್ನೆಲ್ಲ ತಾವೇ ಮಾಡಿ ಮುಗಿಸುತ್ತವೆ. ಓಡಿಸುವ ಸುಖ ಬೇಕೆಂದರೆ ನಮ್ಮಂಥವರ ಕೈಗೆಟಕುವ ಹಳೆಯ ಹಗುರ ಕಾರೇ ಬೇಕು. ಎಂಟುನೂರು ಇರಲಿ, ಎಸ್ಟೀಮ್ ಇರಲಿ, ಎಲ್ಲಕ್ಕಿಂತ ಮಿಗಿಲಾಗಿ ಝೆನ್ ಇರಲಿ. ನೆಲಕ್ಕೆ ಹತ್ತಿರ ಕೂತಿರಬೇಕು, ರಸ್ತೆಯ ಒಂದೊಂದು ಹರಳೂ ಸ್ಟೀರಿಂಗಿನಿಂದ ಅಂಗೈಗೆ ತಿಳಿಯಬೇಕು, ಗೇರು ಬೀಳುವಾಗ ಮಣಿಕಟ್ಟಿಗೆ ಸಣ್ಣದೊಂದು ಸಮಾಧಾನ ಆಗಬೇಕು. ತಿರುವು ಬರುವ ಮೊದಲೇ ವೇಗ ಇಳಿಸಿ, ಗೇರು ಬದಲಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟದೆ, ಹೊರಬೀಳುವಾಗ ಮೆಲ್ಲಗೆ ಎಕ್ಸಲರೇಟರ್ ಒತ್ತಬೇಕು. ಇದನ್ನೆಲ್ಲ ನಾನು ಊಟಕ್ಕೆ ಕೂತಾಗ ಚಮಚವನ್ನು ಗೇರು ಮಾಡಿಕೊಂಡು ತೋರಿಸುತ್ತಿದ್ದೆ. ಮಂದಿ ಹೂಂಗುಟ್ಟುತ್ತ ಸಾರು ಬಡಿಸಿಕೊಳ್ಳುತ್ತಿದ್ದರು. ಮನಸ್ಸಿಟ್ಟು ಕೇಳುತ್ತಿದ್ದವರು ಒಬ್ಬರೇ, ನನ್ನ ಅತ್ತೆ.

ಅತ್ತೆಯವರ ಹೆಸರು ಇಂದುಮತಿ. ಮಾಳಮಡ್ಡಿಯಲ್ಲಿ ಮಗ ಪ್ರಮೋದನ ಜೊತೆ ಇರುತ್ತಾರೆ. ಮೂವತ್ತೈದು ವರ್ಷ ಉಪ್ಪಿನಬೆಟಗೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅಷ್ಟೂ ವರ್ಷ ಧಾರವಾಡದಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದಿದ್ದಾರೆ. ಅರವತ್ನಾಲ್ಕರ ವಯಸ್ಸಿನಲ್ಲಿ ಅವರು ಯಾರಿಗೂ ಹೇಳದೆ ಕೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡರು. ಲೈಸೆನ್ಸ್ ಬಂದ ಮೇಲೆ ನನ್ನನ್ನು ಕರೆಸಿದರು.

"ಅಳಿಯಾರ, ಸಾಲಿಯವರು ಕೇಳ್ಯಾರ. ಪ್ರತಿ ಶನಿವಾರ ಬಂದು ಹತ್ತನೇತ್ತಾ ಹುಡಿಗ್ಯಾರಿಗೆ ಒಂದು ತಾಸು ಗಣಿತ ಹೇಳಿಕೊಡ್ರಿ ಅಂತ. ಹೋಗತೇನಿ ಅಂದೇನಿ."

"ಛಲೋ ಆತಲ್ರಿ. ಮುಂಜಾನಿ ಬಸ್ಸು ಅದಾವಲ್ಲ?"

"ಬಸ್ಸಿನ ವ್ಯಾಳ್ಯಾಕ್ಕ ಮೂವತ್ತೈದು ವರ್ಷ ಬಾಳ್ವಿ ಮಾಡೇನಿ. ಇನ್ನ ನನ್ನ ವ್ಯಾಳ್ಯಾಕ್ಕ ಹೋಗತೇನಿ. ನನಗೊಂದು ಕಾರು ಆರಿಸಿ ಕೊಡ್ರಿ. ಡ್ರೈವಿಂಗ್ ಸ್ಕೂಲಿನ ಹೊಸಾ ಗಾಡ್ಯಾಗ ನಾ ಸುಮ್ನ ಕೂತಿರ್ತಿದ್ದೆ, ಅದು ತಾನ ಓಡತಿತ್ತು. ನೀವು ಹೇಳತೀರಲಾ, ಕೈಗೆ ಮಾತಾಡೂ ಗಾಡಿ, ಅಂಥಾದ್ದು ಬೇಕು."

ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ಇಷ್ಟು ವರ್ಷ ಗಾಳಿಗೆ ತೂರಿದ ಮಾತುಗಳಲ್ಲಿ ಒಂದಾದರೂ ಎಲ್ಲೋ ಬೇರು ಬಿಟ್ಟಿತ್ತು. ಅವತ್ತೇ ಅತ್ತೆಯವರನ್ನು ಹಳೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಸಂದಿಯಲ್ಲಿ ರಾಜೇಸಾಬರ ಗ್ಯಾರೇಜು. ರಾಜೇಸಾಬರು ಮಿತಭಾಷಿ. ನನ್ನ ಅಭಿಪ್ರಾಯಗಳನ್ನು ಅವರು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು, ಬೇರೆ ಕಡೆ ನೋಡುತ್ತ ಕೇಳುವವರು. ಯಾರೋ ಡಾಕ್ಟರು ಜೋಪಾನವಾಗಿ ಇಟ್ಟುಕೊಂಡಿದ್ದ ಬೂದಿಬಣ್ಣದ ಝೆನ್ ಒಂದು ಅವರ ಹತ್ತಿರ ಮಾರಾಟಕ್ಕೆ ಬಂದಿತ್ತು. ನಾನು ಬಾನೆಟ್ ಎತ್ತಿ, ಎಂಜಿನ್ನಿನ ದನಿಗೆ ಕಣ್ಣು ಮುಚ್ಚಿ ತಲೆದೂಗಿದೆ. ಅತ್ತೆಯವರು ಮಾತ್ರ ರಾಜೇಸಾಬರನ್ನು ಕೇಳಿದರು, "ಜೋರಾಗಿ ಬ್ರೇಕ್ ಹಾಕಿದ್ರ ಯಾವ ಕಡೆ ಎಳೀತದ್ರಿ?" ರಾಜೇಸಾಬರು ಮೊದಲ ಸಲ ನಮ್ಮ ಕಡೆ ತಿರುಗಿ ನೋಡಿದರು. "ಎಳ್ಯಾಂಗಿಲ್ರಿ ಬಾಯಾರ. ಬೇಕಂದ್ರ ನೀವ ಓಡಿಸಿ ನೋಡ್ರಿ." ಆ ಪ್ರಶ್ನೆ ನನಗೆ ಇಷ್ಟು ವರ್ಷ ಯಾಕೆ ಹೊಳೆದಿರಲಿಲ್ಲ ಎಂದು ಯೋಚಿಸುತ್ತ ನಾನು ಅಲ್ಲೇ ನಿಂತೆ. ಅವರಿಬ್ಬರೂ ಒಂದು ಸುತ್ತು ಹೋಗಿ ಬಂದರು.

ಕಾರು ಮನೆಗೆ ಬಂತು, ಅದರ ಹಿಂದೆಯೇ ಜಗಳವೂ ಬಂತು. ಪ್ರಮೋದ ಬ್ಯಾಂಕಿನವನು, ಎಲ್ಲದಕ್ಕೂ ಎರಡೆರಡು ಸಲ ಸಹಿ ನೋಡುವ ಸ್ವಭಾವ. ಅವನು ಹೇಳಿದ್ದೇನೂ ತಪ್ಪಿರಲಿಲ್ಲ. "ಅವ್ವಾ, ಈ ವಯಸ್ಸಿನ್ಯಾಗ, ಅದೂ ಹಳೇ ಗಾಡಿ. ಏರ್‌ಬ್ಯಾಗ್ ಇಲ್ಲ, ಏನಿಲ್ಲ. ಹಳ್ಳಿ ರಸ್ತಾದಾಗ ಟ್ರ್ಯಾಕ್ಟರ್ ಎಲ್ಲಿಂದ ಬರತಾವೋ ಗೊತ್ತಾಗಂಗಿಲ್ಲ. ನಾಳೆ ಏನರ ಆದ್ರ?" ಅತ್ತೆಯವರು ಕಾರಿನ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಎರಡು ದಿನ ತಾಯಿ ಮಗ ಮಾತಾಡಲಿಲ್ಲ. ಮೂರನೆಯ ದಿನ ಪ್ರಮೋದನೇ ಒಂದು ದಾರಿ ತೆಗೆದ. "ಹಿಂಗ ಮಾಡೂಣು. ಭಾವಗ ಕಾರಿಂದು ಎಲ್ಲಾ ಗೊತ್ತದ. ಬರೋ ಶನಿವಾರ ಅವರು ಬಾಜೂಕ ಕೂತು ಉಪ್ಪಿನಬೆಟಗೇರಿಗೆ ಹೋಗಿ ಬರಲಿ. ಅವರು ಹೂಂ ಅಂದ್ರ ನಂದೇನೂ ತಕರಾರಿಲ್ಲ. ಊಹೂಂ ಅಂದ್ರ ಚಾವಿ ನನ್ನ ಕಡೆ."

ಅತ್ತೆಯವರು ನನ್ನ ಮುಖ ನೋಡಿದರು. ಪರೀಕ್ಷೆಯ ದಿನ ವಿದ್ಯಾರ್ಥಿಗಳು ನನ್ನನ್ನು ಹಾಗೆ ನೋಡುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸಿದೆ. ಈಗ ಒಂದು ಗುಟ್ಟು ಹೇಳಬೇಕು. ನಾನು ನನ್ನ ಎಂಟುನೂರು ಕಾರನ್ನು ಐವತ್ತರ ವೇಗದ ಮೇಲೆ ಯಾವತ್ತೂ ಓಡಿಸಿಲ್ಲ. ಅದನ್ನು ಓಡಿಸಿದ್ದಕ್ಕಿಂತ ತೊಳೆದದ್ದು ಹೆಚ್ಚು. ತಿರುವಿನಲ್ಲಿ ಬ್ರೇಕ್ ಮುಟ್ಟಬಾರದು ಎಂದು ಹೇಳುವ ನಾನು ತಿರುವು ಬರುವ ಮೊದಲು, ಬಂದಾಗ, ಮುಗಿದ ಮೇಲೆ, ಮೂರೂ ಕಡೆ ಬ್ರೇಕ್ ಒತ್ತುವವನು. ಈ ವಿಷಯ ವಿದ್ಯಾಳಿಗೆ ಗೊತ್ತು. ಆಕೆ ತವರುಮನೆಯಲ್ಲಿ ಇದುವರೆಗೆ ಹೇಳಿರಲಿಲ್ಲ ಅಷ್ಟೇ.

ಶನಿವಾರ ಮುಂಜಾನೆ ಏಳೂವರೆಗೆ ಹೊರಟೆವು. ಅತ್ತೆಯವರು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತರು. ಊರು ದಾಟುವ ತನಕ ಎಲ್ಲ ಸರಿ ಇತ್ತು. ಮನೆಗಳು ಮುಗಿದು, ಎರಡೂ ಕಡೆ ಕರಿ ಹೊಲ ತೆರೆದುಕೊಂಡದ್ದೇ ಅತ್ತೆಯವರು ಗೇರು ಬದಲಿಸಿದರು. ಕಾರು ಕಟ್ಟು ಬಿಚ್ಚಿದ ಕರುವಿನ ಹಾಗೆ ಮುಂದೆ ಹಾರಿತು. ಮುಳ್ಳು ಅರವತ್ತಕ್ಕೆ ಹೋಯಿತು. ನನ್ನ ಬಲಗಾಲು ಅಲ್ಲಿ ಇಲ್ಲದ ಬ್ರೇಕನ್ನು ಹುಡುಕತೊಡಗಿತು. ಮೊದಲ ದೊಡ್ಡ ತಿರುವು ಬಂತು. ಅತ್ತೆಯವರು ವೇಗ ಇಳಿಸಿದರು, ಮೂರನೇ ಗೇರಿಗೆ ಬಂದರು, ತಿರುವಿನೊಳಗೆ ಬ್ರೇಕ್ ಮುಟ್ಟಲಿಲ್ಲ, ಹೊರಬೀಳುವಾಗ ಮೆಲ್ಲಗೆ ಎಕ್ಸಲರೇಟರ್ ಒತ್ತಿದರು. ನಾನು ಚಮಚದಲ್ಲಿ ತೋರಿಸಿದ್ದನ್ನು ಒಂದಕ್ಷರ ಬಿಡದೆ ಮಾಡಿದರು. ನಾನು ಬಾಗಿಲಿನ ಹಿಡಿಕೆ ಹಿಡಿದುಕೊಂಡೆ.

"ಅತ್ತಿಯವರ, ಸ್ವಲ್ಪ ಸಾವಕಾಶ..."

"ಯಾಕ್ರಿ? ತಿರುವಿನ್ಯಾಗ ಬ್ರೇಕ್ ಮ್ಯಾಲೆ ಕಾಲಿಡಬ್ಯಾಡ್ರಿ ಅಂತ ನೀವ ಹೇಳಿದ್ದಲಾ?"

"ಹೇಳಿದ್ದೆರಿ. ಅದು ಸುಮ್ನ ಮಾತಿಗೆ ಹೇಳಿದ್ದು."

ಅವರು ನಕ್ಕರು. ನಗುವಾಗಲೂ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಇನ್ನು ನಾಲ್ಕೈದು ಕಿಲೋಮೀಟರ್ ಇರಬೇಕು, ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಟ್ರೇಲರ್ ತುಂಬ ಜೋಳದ ಕಣಿಕೆ, ಒಣ ದಂಟು. ಎರಡೂ ಕಡೆ ಚಾಚಿಕೊಂಡು, ರಸ್ತೆಯನ್ನೇ ಗುಡಿಸುತ್ತ ಹೋಗುತ್ತಿತ್ತು. ಉದುರಿದ ಕಣಿಕೆ ದಾರಿಯುದ್ದಕ್ಕೂ ಬಿದ್ದಿತ್ತು. ಅತ್ತೆಯವರು ಅದರ ಹಿಂದೆ ಅಂತರ ಬಿಟ್ಟು ಸ್ವಲ್ಪ ದೂರ ಬಂದರು. ಆಮೇಲೆ ಮುಂದಿನ ರಸ್ತೆ ಕಾಣಲೆಂದು ಕಾರನ್ನು ಒಂದಿಷ್ಟು ಬಲಕ್ಕೆ ತಂದರು. ಎದುರಿನಿಂದ ಒಂದು ಬಸ್ಸು ಬರುತ್ತಿತ್ತು.

ಅವರೂ ನೋಡಿದರು, ನಾನೂ ನೋಡಿದೆ. ಅವರು ಎಕ್ಸಲರೇಟರಿನಿಂದ ಕಾಲೆತ್ತಿ ಎಡಕ್ಕೆ ಸರಿಯತೊಡಗಿದ್ದರು. ಅದು ನನಗೆ ಆಮೇಲೆ ತಿಳಿದದ್ದು. ಆ ಕ್ಷಣದಲ್ಲಿ ನನಗೆ ಕಂಡದ್ದು ಬಸ್ಸಿನ ಗಾಜು ಮತ್ತು ಅದರ ಹಿಂದೆ ಡ್ರೈವರನ ಮೀಸೆ. ನನ್ನ ಬಲಗೈ ನನ್ನನ್ನು ಒಂದು ಮಾತೂ ಕೇಳದೆ ಹ್ಯಾಂಡ್ ಬ್ರೇಕಿಗೆ ಹೋಗಿ, ಬಾವಿಯಿಂದ ಕೊಡ ಸೇದುವ ಹಾಗೆ ಮೇಲಕ್ಕೆ ಎಳೆಯಿತು.

ಹಿಂದಿನ ಗಾಲಿಗಳು ಕಚ್ಚಿಕೊಂಡವು. ಕಣಿಕೆಯ ಮೇಲೆ ಕಾರಿನ ಹಿಂಭಾಗ ಜಾರಿ ಎಡಕ್ಕೆ ತಿರುಗಿತು. ಎಲ್ಲೋ 'ಢಬ್' ಎಂದಿತು. ರಸ್ತೆಯ ಅಂಚಿನ ಕಲ್ಲಿಗೆ ಕಾರಿನ ಬೆನ್ನು ಬಡಿದಿತ್ತು. ಎಂಜಿನ್ ಬಂದಾಯಿತು. ಟ್ರ್ಯಾಕ್ಟರ್ ತನ್ನ ಪಾಡಿಗೆ ಮುಂದೆ ಹೋಯಿತು. ಈಗ ನಾವು ರಸ್ತೆಗೆ ಅಡ್ಡ ನಿಂತಿದ್ದೆವು, ಮೂತಿ ಎದುರಿನ ದಾರಿಯೊಳಗೆ. ಬಸ್ಸು ಹಾರ್ನ್ ಹೊಡೆಯುತ್ತ ಬರುತ್ತಲೇ ಇತ್ತು. ನಾನು ಇನ್ನೂ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಅತ್ತೆಯವರು ನನ್ನ ಮುಂಗೈ ಮೇಲೆ ರಪ್ಪನೆ ಒಂದು ಕೊಟ್ಟರು. ನಾನು ಕೈ ಬಿಟ್ಟೆ. ಹ್ಯಾಂಡ್ ಬ್ರೇಕ್ ಇಳಿಸಿದರು, ಚಾವಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಹಿಂದೆ ಕಲ್ಲು, ಪಕ್ಕದಲ್ಲಿ ಬಸ್ಸು. ಮೊದಲನೇ ಗೇರಿನಲ್ಲಿ ಕಾರನ್ನು ನೆಟ್ಟಗೆ ರಸ್ತೆ ದಾಟಿಸಿ, ಎದುರಿಗಿದ್ದ ಹೊಲದ ಬಂಡಿ ದಾರಿಗೆ ಇಳಿಸಿಬಿಟ್ಟರು. ಬಸ್ಸು ನಮ್ಮ ಹಿಂದಿನಿಂದ ಹಾದು ಹೋದಾಗ ಅದರ ಗಾಳಿಗೆ ಕಾರು ಅಲುಗಿತು.

ಬಸ್ಸು ಸ್ವಲ್ಪ ಮುಂದೆ ಹೋಗಿ ನಿಂತಿತು. ಮೀಸೆಯ ಡ್ರೈವರ್ ಬಯ್ಯಲು ಇಳಿದು ಬಂದ. ಕಾರಿನೊಳಗೆ ಬಗ್ಗಿ ನೋಡಿದವನು, ದಿನಾ ಬಸ್ಸಿಗೆ ಬರುತ್ತಿದ್ದ ಟೀಚರನ್ನು ಗುರುತಿಸಿ ಟವೆಲ್ಲು ಹೆಗಲಿಂದ ಇಳಿಸಿದ. "ಬಾಯಾರ! ನೀವಾ? ಏನಾತ್ರಿ?"

"ಏನಿಲ್ಲಪಾ. ಯಾರಿಗೂ ಏನೂ ಆಗಿಲ್ಲ. ನೀ ನಡಿ, ಬಸ್ಸಿನ್ಯಾಗ ಮಂದಿ ಕಾಯಾಕತ್ತಾರ."

ಅವನು ಹೋದ. ಅತ್ತೆಯವರು ಇಳಿದು ಹಿಂದೆ ಹೋಗಿ ನೋಡಿದರು. ಒಂದು ದೀಪ ಪುಡಿಯಾಗಿತ್ತು, ಹಿಂಬಾಗಿಲು ತಗ್ಗಾಗಿತ್ತು. ನಾನೂ ಇಳಿದೆ. "ನಾ ಎಳೀದಿದ್ರ ಬಸ್ಸಿಗೆ..." ಎಂದು ಶುರು ಮಾಡಿದೆ. ಅವರು ನನ್ನ ಕಡೆ ನೋಡಿದರು. "ನಾ ಹಿಂದ ಸರೀಲಿಕ್ಕತ್ತಿದ್ದೆ ಅಳಿಯಾರ" ಎಂದರು. ಅಷ್ಟೇ. ಕಾರು ಹತ್ತಿದರು.

ಶಾಲೆಯಲ್ಲಿ ಅವರು ಒಂದು ತಾಸು ಪಾಠ ಮಾಡಿದರು. ನಾನು ಹೊರಗೆ ಜಗುಲಿಯಲ್ಲಿ ಕೂತಿದ್ದೆ. ಶಾಲೆಯವರು ಕೊಟ್ಟ ಚಹಾದಲ್ಲಿ ಅರ್ಧ ನನ್ನ ಪ್ಯಾಂಟಿನ ಮೇಲಿತ್ತು. ಕಿಟಕಿಯಿಂದ ಅವರ ದನಿ ಕೇಳುತ್ತಿತ್ತು, ತ್ರಿಕೋನದ ಯಾವುದೋ ಪ್ರಮೇಯ. ದನಿಯಲ್ಲಿ ಒಂದು ಸಣ್ಣ ನಡುಕವೂ ಇರಲಿಲ್ಲ. ನಡುನಡುವೆ ಹುಡುಗಿಯರು ನಗುತ್ತಿದ್ದರು. ಒಬ್ಬಳು "ಬಾಯಾರ, ಬರೋ ಶನಿವಾರ ಖರೇನ ಬರತೀರಿ?" ಎಂದು ಕೇಳಿದಳು. "ಯಾಕ ಬರಂಗಿಲ್ಲ? ಗಾಡಿ ಅದ ಈಗ" ಎಂದರು. ವಾಪಸು ಬರುವಾಗ ಕಾರು ಹತ್ತಿದ ಮೇಲೆ ಒಂದೇ ಒಂದು ಸೂಚನೆ ಕೊಟ್ಟರು. "ಎರಡೂ ಕೈ ತೊಡೀ ಮ್ಯಾಲೆ ಇಟ್ಟುಕೊಂಡು ಕೂಡ್ರಿ." ಧಾರವಾಡದ ತನಕ ಹಾಗೇ ಕೂತೆ.

ಮಾಳಮಡ್ಡಿಯ ಮನೆಯ ಮುಂದೆ ಪ್ರಮೋದ ಮತ್ತು ವಿದ್ಯಾ ನಿಂತಿದ್ದರು. ಪ್ರಮೋದನ ಕಣ್ಣು ನೇರ ಹಿಂದಿನ ದೀಪಕ್ಕೆ ಹೋಯಿತು. ಮುಖ ಬಿಳಿಚಿತು. "ಏನಾತು ಭಾವಾ?" ಎಂದ. ಒಳಗೆ ಹೋಗಿ ಕೂತೆವು. ಎಲ್ಲರೂ ನನ್ನ ತೀರ್ಪಿಗೆ ಕಾದರು. ನಾನು ಗಂಟಲು ಸರಿಮಾಡಿಕೊಂಡು, "ಒಂದು ಟ್ರ್ಯಾಕ್ಟರ್ ಇತ್ತು. ಕಣಿಕಿ ಬಿದ್ದಿತ್ತು. ಎದುರಿಗೆ ಬಸ್ಸು ಬಂತು. ಗಾಡಿ ಜಾರಿ ಕಲ್ಲಿಗೆ ಬಡೀತು" ಎಂದೆ. ನನ್ನ ಮಾತಿನಲ್ಲಿ ಟ್ರ್ಯಾಕ್ಟರ್ ಇತ್ತು, ಬಸ್ಸಿತ್ತು, ಕಲ್ಲೂ ಇತ್ತು. ಕೈ ಮಾತ್ರ ಇರಲಿಲ್ಲ. ಅತ್ತೆಯವರು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಒಂದು ನಿಮಿಷ ಹೋಯಿತು, ಎರಡಾಯಿತು. ನಾನು ಗೋಡೆಯ ಕ್ಯಾಲೆಂಡರ್ ಓದಿದೆ. ಆಮೇಲೆ ಅವರೇ ಹೇಳಿದರು, "ಗಾಡಿ ನನ್ನ ಕೈಯಾಗಿತ್ತು. ಬಡದದ್ದು ಖರೇ." ಸೆರಗಿನ ಗಂಟು ಬಿಚ್ಚಿ, ಚಾವಿಯನ್ನು ಟೇಬಲ್ಲಿನ ಮೇಲಿಟ್ಟು, ಒಳಗೆ ಹೋದರು. ಪ್ರಮೋದ ಚಾವಿ ಎತ್ತಿಕೊಂಡ. ಗೆದ್ದವನ ಹಾಗೆ ಎತ್ತಿಕೊಂಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಅವನು ಬಿದ್ದ ಹೂವು ಎತ್ತಿಕೊಳ್ಳುವವನ ಹಾಗೆ ಎತ್ತಿಕೊಂಡ.

ಭಾನುವಾರ ನನಗೆ ಊಟ ಸೇರಲಿಲ್ಲ. ಹೇಳಿಬಿಡೋಣ ಅನಿಸುತ್ತಿತ್ತು. ಆದರೆ ಹೇಳಿದರೆ ನನ್ನ ಗತಿ? ಇಪ್ಪತ್ತು ವರ್ಷ ಕಟ್ಟಿದ ಮರ್ಯಾದೆ. ಇನ್ನು ಯಾವ ಮದುವೆಯಲ್ಲಿ ಯಾರ ಬಾನೆಟ್ ಎತ್ತಲಿ? ಸೋಮವಾರ ಎರಡನೇ ಚಾವಿ ಹಿಡಿದು ಕಾರನ್ನು ರಿಪೇರಿಗೆ ಬಿಡುವ ಕೆಲಸ ನನಗೇ ಬಂತು. ರಾಜೇಸಾಬರು ತಗ್ಗನ್ನು ನೋಡಿದರು, ಒಳಗೆ ಕೂತು ಹ್ಯಾಂಡ್ ಬ್ರೇಕ್ ಎಳೆದರು. ಅದು ಸಡಿಲವಾಗಿ ಪೂರ್ತಿ ಮೇಲೆ ಬಂತು.

"ಕೇಬಲ್ ಹೋಗೇದ. ಓಡೂ ಗಾಡ್ಯಾಗ ಎಳದಾರ. ಯಾರ್ರಿ?"

"ಗೊತ್ತಿಲ್ರಿ" ಎಂದೆ. ಕಾರಿನಲ್ಲಿ ಇದ್ದದ್ದೇ ಇಬ್ಬರು.

"ಬಾಯಾರಂತೂ ಅಲ್ಲ" ಎಂದರು ರಾಜೇಸಾಬರು, ಬಟ್ಟೆಗೆ ಕೈ ಒರೆಸಿಕೊಳ್ಳುತ್ತ. "ನಾ ಅವರ ಬಾಜೂಕ ಕೂತು ನೋಡೇನಿ. ಅವರು ಹಂಗ ಹೆದರೂ ಪೈಕಿ ಅಲ್ಲ." ಮತ್ತೇನೂ ಕೇಳಲಿಲ್ಲ. ನನಗೆ ಒಂದು ಕುರ್ಚಿ ಕೊಟ್ಟು, ಚಹಾ ತರಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬುಧವಾರ ಸಂಜೆ ವಿದ್ಯಾಳ ಜೊತೆ ಮಾಳಮಡ್ಡಿಗೆ ಹೋಗಿದ್ದೆ. ಎಲ್ಲರೂ ಚುರುಮುರಿ ತಿನ್ನುತ್ತ ಕೂತಿದ್ದಾಗ ಅತ್ತೆಯವರಿಗೆ ಫೋನ್ ಬಂತು. ಉಪ್ಪಿನಬೆಟಗೇರಿಯ ಹುಡುಗಿಯರು. ಫೋನಿನಿಂದ ನಾಲ್ಕೈದು ದನಿ ಒಟ್ಟಿಗೇ ಹೊರಗೆ ಕೇಳುತ್ತಿದ್ದವು. ಅತ್ತೆಯವರು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು, "ಗಾಡಿ ಇಲ್ಲವ್ವಾ ಈಗ. ಬಸ್ಸು ಹೊಂದತದೇನು ನೋಡತೇನಿ. ಹೊಂದಲಿಲ್ಲಂದ್ರ ನೀವ ನೀವ ಕೂತು ಮಾಡ್ರಿ. ಹೂಂ, ಅಳಬ್ಯಾಡ್ರಿ, ಗಣಿತಕ್ಕ ಯಾರರ ಅಳತಾರ?" ಫೋನ್ ಇಟ್ಟು ಮತ್ತೆ ಚುರುಮುರಿ ಎತ್ತಿಕೊಂಡರು. ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಕೂತರು.

"ನಾ ಎಳದೆ" ಎಂದೆ.

"ಏನು?" ಎಂದ ಪ್ರಮೋದ.

"ಹ್ಯಾಂಡ್ ಬ್ರೇಕು. ನಾನ ಎಳದೆ. ಬಸ್ಸು ನೋಡಿ ಹೆದರಿದೆ. ಅತ್ತಿಯವರು ಆಗಲೇ ಹಿಂದ ಸರೀಲಿಕ್ಕತ್ತಿದ್ರು. ನಾ ಎಳದದ್ದಕ್ಕ ಗಾಡಿ ಅಡ್ಡ ತಿರುಗಿತು. ಆಮ್ಯಾಲೆ ನಮ್ಮಿಬ್ಬರನ್ನೂ ಬಸ್ಸಿನಿಂದ ಉಳಿಸಿದವರು ಅವರು."

ವಿದ್ಯಾ ತಣ್ಣಗೆ ಹೇಳಿದಳು, "ನನಗ ಅವತ್ತ ಗೊತ್ತಾತು. ಮದುವಿ ಆದಾಗಿಂದ ಇವರು ಕಾರಿನ ವಿಷಯ ನಾಕು ಮಾತಿನ್ಯಾಗ ಮುಗಿಸಿದ್ದು ಅದ ಮೊದಲು." ಪ್ರಮೋದ ಚುರುಮುರಿ ತಟ್ಟೆ ಬದಿಗಿಟ್ಟ. "ಮತ್ತ ಹೇಳ್ರಿ ಭಾವಾ, ಅವ್ವ ಹೆಂಗ ಓಡಸ್ತಾಳ?" ಈ ಉತ್ತರ ಮೊದಲಿನದಕ್ಕಿಂತ ಕಷ್ಟವಾಗಿತ್ತು. "ನನಗಿಂತ ಛಲೋ" ಎಂದೆ. ಅವನು ಎದ್ದು ಹೋಗಿ ಕಪಾಟಿನಿಂದ ಚಾವಿ ತಂದು ತಾಯಿಯ ಕೈಗೆ ಕೊಟ್ಟ. ಅತ್ತೆಯವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಸಾಲ್ಯಾಗ ಹುಡುಗೂರು ತಪ್ಪು ಮಾಡಿದ್ರ ನಾ ಬೈತಿದ್ದಿಲ್ಲ ಅಳಿಯಾರ. ಸುಮ್ನ ಮಾರಿ ನೋಡಿಕೋತ ನಿಂದರತಿದ್ದೆ. ಎರಡು ನಿಮಿಷದಾಗ ತಾವ ಹೇಳತಿದ್ರು. ನಾಕು ದಿನಾ ತಗೊಂಡವರು ನನ್ನ ಮೂವತ್ತೈದು ವರ್ಷದ ನೌಕರ್ಯಾಗ ನೀವೊಬ್ಬರ."

ಶುಕ್ರವಾರ ಅತ್ತೆಯವರೂ ನಾನೂ ಕಾರು ತರಲು ಹಳೇ ಹುಬ್ಬಳ್ಳಿಗೆ ಹೋದೆವು. ರಾಜೇಸಾಬರು ಹೊಸ ಕೇಬಲ್ ಹಾಕಿ, ತಗ್ಗು ತೆಗೆದು, ದೀಪ ಕೂಡಿಸಿ ಇಟ್ಟಿದ್ದರು. ನಾನು ಮುಂದಿನ ಬಾಗಿಲು ತೆರೆದೆ. ಆ ಸೀಟಿನ ಮೇಲೆ ಅತ್ತೆಯವರು ತಮ್ಮ ವ್ಯಾನಿಟಿ ಬ್ಯಾಗು, ನೀರಿನ ಬಾಟಲಿ, ಹತ್ತನೇ ಇಯತ್ತೆಯ ಗಣಿತ ಪುಸ್ತಕ ಎಲ್ಲವನ್ನೂ ನೀಟಾಗಿ ಜೋಡಿಸಿ, ಮೇಲೆ ಬೆಲ್ಟನ್ನೂ ಹಾಕಿದ್ದರು. "ಹಿಂದ ಕೂಡ್ರಿ" ಎಂದರು. ರಾಜೇಸಾಬರು ಬಾನೆಟ್ಟಿನೊಳಗೆ ಏನೋ ಹುಡುಕುವವರ ಹಾಗೆ ಬಗ್ಗಿಕೊಂಡರು. ಅವರ ಹೆಗಲು ಕುಣಿಯುತ್ತಿತ್ತು.

ಈಗ ಶನಿವಾರ ರಜೆಯಿದ್ದರೆ ನಾನೂ ಉಪ್ಪಿನಬೆಟಗೇರಿಗೆ ಹೋಗುತ್ತೇನೆ, ಹಿಂದೆ ಕೂತು. ಆ ಕಾರಿನ ಎಂಜಿನ್, ಗೇರು, ಸ್ಟೀರಿಂಗ್, ಬ್ರೇಕು, ಎಲ್ಲದರ ಬಗ್ಗೆ ಮಾತಾಡಿದವನು ನಾನು. ಹಿಂದಿನ ಸೀಟಿನ ಬಗ್ಗೆ ಮಾತ್ರ ನನಗೆ ಇದುವರೆಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಮೊಣಕಾಲು ಗದ್ದಕ್ಕೆ ತಾಗುತ್ತದೆ, ತಗ್ಗು ಬಂದಾಗ ತಲೆ ಚಾವಣಿಗೆ ಹೋಗುತ್ತದೆ, ತಿರುವಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಈಗ ಬಹಳ ಖಚಿತವಾಗಿದೆ. ಯಾರೂ ಕೇಳಿಲ್ಲ.